ಪ್ರಾಯೋಗಿಕ ತರಗತಿ, ಮಳವಳ್ಳಿ

ಟಿಫಿನ್ ಡಬ್ಬಿಯಲ್ಲಿ ಇವತ್ತು ಊಟವಿಲ್ಲ, ಮಣ್ಣು.
ಹದಿನೇಳು ಡಬ್ಬಿ, ಹದಿನೇಳು ಹೊಲ;
ಒಂದರಲ್ಲಿ ಇನ್ನೂ ಉಪ್ಪಿನಕಾಯಿ ವಾಸನೆ.

ನಾಲೆಗೆ ನೀರು ಬಿಟ್ಟ ರಾತ್ರಿಯೆಲ್ಲ
ಗದ್ದೆ ಕಾದು ಬಂದ ಮಾದೇಶ
ಬೀಕರಿನ ಮುಂದೆ ನಿಂತೇ ತೂಕಡಿಸುತ್ತಾನೆ.
ಎಬ್ಬಿಸಲಿಲ್ಲ ನಾನು. ಹಾಜರಿ ಹಾಕಿದೆ.

ಸಿಂಧುಶ್ರೀಯ ಕೈಲಿ ಲಿಟ್ಮಸ್ ನೀಲಿಯಾಯಿತು.
‘ಕ್ಷಾರ’ ಎಂದು ಬೋರ್ಡಿನ ಮೇಲೆ ಬರೆದೆ.
"ಚೌಳು ಅನ್ನಿ ಮೇಡಂ.
ನಮ್ಮವ್ವ ನಾಲಿಗೆಗಿಟ್ಕಂಡೇ ಹೇಳ್ಬುಟ್ಲಂತೆ,
ಮದ್ವೆಯಾಗಿ ಬಂದ ವರ್ಸವೇ."

ಅವಳ ರೆಕಾರ್ಡ್ ಪುಸ್ತಕದಲ್ಲಿ
ಬೇಕಾಗುವ ಉಪಕರಣಗಳು:
ಪ್ರಣಾಳ, ಗಾಜಿನ ಕಡ್ಡಿ, ಸೋಸುಕಾಗದ,
ಕೊನೆಗೆ, ದುಂಡಗೆ: ಅವ್ವ.

ಪ್ರಿನ್ಸಿಪಾಲರ ಕಣ್ಣಿಗೆ ಬಿದ್ದರೆ ಬೈಗುಳ ನನಗೇ,
ನಾನು ಅತಿಥಿ ಉಪನ್ಯಾಸಕಿ.
ಕೆಂಪು ಪೆನ್ನು ತೆಗೆದೆ, ರೈಟ್ ಹಾಕಿದೆ.

ಡಬ್ಬಿ ತೊಳೆಯೋಣವೆಂದರೆ
ಕಾಲೇಜಿನ ನಲ್ಲಿಯಲ್ಲಿ ಬರೀ ಗಾಳಿ.