ಯಾರ ಎಡಕ್ಕೆ?

ಭೋಸರಿಯ ಕಾರ್ಖಾನೆಯಲ್ಲಿ ಮೊದಲ ದಿನ ನನಗೆ ಸಿಕ್ಕಿದ್ದು
ಒಂದು ಪ್ಲಾಸ್ಟಿಕ್ ಕುರ್ಚಿ, ಇಬ್ಬರಿಗೊಂದು ಕಂಪ್ಯೂಟರು,
ಮತ್ತು ನನ್ನಷ್ಟೇ ಎತ್ತರದ ಆಟೋಕ್ಲೇವ್:
ಆಸ್ಪತ್ರೆಯ ಕತ್ತರಿ, ಚಿಮುಟ, ಬಟ್ಟೆಗಳನ್ನು
ಉಗಿಯಲ್ಲಿ ಬೇಯಿಸುವ ಉಕ್ಕಿನ ಪೆಟ್ಟಿಗೆ.
'ಇದಕ್ಕೊಂದು ಪುಸ್ತಕ ಬರಿ' ಅಂದರು ಹುತೋಕ್ಷಿ ಮೇಡಂ.
'ಕೈ ಸುಟ್ಟುಕೊಳ್ಳುವ ತನಕ ಯಾರೂ ಓದುವುದಿಲ್ಲ,
ಆದರೂ ಬರಿ.'

ಕಾಲೇಜಿನಲ್ಲಿ ನಾನು ಬರೆದದ್ದು ಚಂದ್ರನ ಮೇಲೆ.
ಚಂದ್ರನಿಗೆ ಗ್ಯಾಸ್ಕೆಟ್ ಇರಲಿಲ್ಲ.

ಕೆಳಗಿಳಿದು ಫಿಟ್ಟರ್ ಲಾಂಡಗೆಯವರನ್ನು ಕೇಳಿದೆ,
'ಇದು ಹೇಗೆ ಕೆಲಸ ಮಾಡುತ್ತೆ?'
'ಚೆನ್ನಾಗಿ' ಅಂದರು,
ಸ್ಪ್ಯಾನರಿನಿಂದ ಕಣ್ಣೆತ್ತದೆ.
ಆ ಒಂದೇ ಒಂದು ಮಾತು
ಇಡೀ ಮಂಗಳವಾರ ನನ್ನ ಡೈರಿಯಲ್ಲಿ ಕೂತಿತ್ತು.

ಸೊಲ್ಲಾಪುರದ ನಮ್ಮ ಚಾಳಿನಲ್ಲಿ ಪ್ರಶ್ನೆ ಅಂದರೆ ಎದುರುತ್ತರ.
'ಯಾಕ?' ಅಂದರೆ ಸಾಕು,
ಅವ್ವನ ಕೈಯಲ್ಲಿ ಬೀಡಿ ಎಲೆ ಅರ್ಧಕ್ಕೇ ನಿಲ್ಲುತ್ತಿತ್ತು:
'ಸುಮ್ನ ಎಣಸು.'
ಇಪ್ಪತ್ತೈದಕ್ಕೊಂದು ಕಟ್ಟು. ನಾನು ಎಣಿಸಿದೆ.
ಹಾಗಾಗಿ ನನಗೆ ಗೊತ್ತಿದ್ದದ್ದು ಎರಡೇ ಥರದ ಪ್ರಶ್ನೆ.
ಉತ್ತರ ಮೊದಲೇ ಗೊತ್ತಿರುವುದು, ಪರೀಕ್ಷೆಯದು.
ಉತ್ತರವೇ ಬೇಡವಾದದ್ದು, ಬೈಗುಳದ್ದು.

ಮೇಡಂ ನನ್ನ ಖಾಲಿ ಪುಟ ನೋಡಿ ಕನ್ನಡಕ ತೆಗೆದರು.
'ಯಂತ್ರದ ಬಗ್ಗೆ ಕೇಳಬೇಡ, ಕೈಯ ಬಗ್ಗೆ ಕೇಳು.
ಸಾಮಾನ್ಯವಾಗಿ ಏನಾಗುತ್ತೆ ಅನ್ನಬೇಡ, ಆವತ್ತು ಏನಾಯ್ತು ಅನ್ನು.
ಆಮೇಲೆ ಬಾಯಿ ಮುಚ್ಚಿ ಹತ್ತು ಎಣಿಸು.'

ಎಣಿಸುವುದು ನನಗೆ ಬರುತ್ತಿತ್ತು.

'ಈ ಬಾಗಿಲು ಕೊನೆಯ ಸಲ ನಿಮ್ಮನ್ನು ಹೆದರಿಸಿದ್ದು ಯಾವಾಗ?'
ಒಂದು. ಎರಡು. ಲೇತಿನ ಸದ್ದು. ಐದು.
ಏಳಕ್ಕೆ ಲಾಂಡಗೆ ಸ್ಪ್ಯಾನರು ಕೆಳಗಿಟ್ಟರು.
ಒಂಬತ್ತಕ್ಕೆ ತೋಳು ಮಡಚಿದರು.
ಮೊಣಕೈ ತುಂಬ ಸುಟ್ಟು ಸುಲಿದ ಬದನೆಕಾಯಿಯ ಬಣ್ಣ.
'ಮುಳ್ಳು ಸೊನ್ನೆಗೆ ಬಂದಿತ್ತು, ಪೋರಿ.
ಸೊನ್ನೆಯೂ ಸುಳ್ಳು ಹೇಳುತ್ತೆ.
ಕೊಳವೆಗೆ ಕಿವಿ ಕೊಡಬೇಕು. ಸುಸ್ ಅನ್ನೋದು ನಿಂತ ಮೇಲೂ
ಅರ್ಧ ಚಹಾ ಕುಡಿಯುವಷ್ಟು ಹೊತ್ತು ಕಾಯಬೇಕು.'

ಅರ್ಧ ಚಹಾ ಅಂದರೆ ಎಷ್ಟು ನಿಮಿಷ?
ಗಡಿಯಾರ ಹಿಡಿದು ಕ್ಯಾಂಟೀನಿನಲ್ಲಿ ಕೂತೆ.
ಬರೀ ಚಹಾ ಆದರೆ ನಾಲ್ಕು,
ಜೊತೆಗೆ ವಡಾಪಾವ್ ಇದ್ದರೆ ಆರು.
ಆರು ಅಂತ ಬರೆದೆ.

ಒಂಬತ್ತನೆಯ ಕರಡಿಗೆ ಎಂಜಿನಿಯರುಗಳು ಸಹಿ ಹಾಕಿದರು,
ಕ್ವಾಲಿಟಿಯವರು ಠಸ್ಸೆ ಒತ್ತಿದರು,
ಮೇಡಂ ಏನೂ ಅನ್ನಲಿಲ್ಲ. ಅದು ಬಹುಮಾನ.

ಸಂಜೆ ಕಸ ಗುಡಿಸಲು ಬಂದ ಶೇವಂತಾ ಮೌಶಿ
ಪೊರಕೆಯನ್ನು ಪೆಟ್ಟಿಗೆಗೆ ಒರಗಿಸಿ
ಮರಾಠಿ ಪ್ರತಿ ಎತ್ತಿಕೊಂಡು
ಅಕ್ಷರದ ಕೆಳಗೆ ಬೆರಳಿಟ್ಟು ಓದತೊಡಗಿದರು.
'ಎಡಗಡೆಯ ವಾಲ್ವನ್ನು ನಿಧಾನವಾಗಿ ತೆರೆಯಿರಿ.'
ಪೆಟ್ಟಿಗೆಯ ಮುಂದೆ ನಿಂತರು. ಹಿಂದೆ ಹೋದರು.
ಮತ್ತೆ ಮುಂದೆ ಬಂದರು.
'ಯಾರ ಎಡಕ್ಕೆ?
ನನ್ನ ಎಡಕ್ಕೋ, ಅದರ ಎಡಕ್ಕೋ?'

ನಾನು ಹತ್ತು ಎಣಿಸಿದೆ. ಇಪ್ಪತ್ತೈದರ ತನಕ ಎಣಿಸಿದೆ.
ನನ್ನ ಹತ್ತಿರ ಉತ್ತರ ಇರಲಿಲ್ಲ.

ಪುಸ್ತಕ ಅಚ್ಚಾಗಿ ಬಂತು. ಮೇಲೆ ನನ್ನ ಹೆಸರಿಲ್ಲ, ಇರುವುದೂ ಇಲ್ಲ.
ಹನ್ನೊಂದನೆಯ ಪುಟದಲ್ಲಿ ಮೌಶಿಯ ಪ್ರಶ್ನೆಯೂ ಇಲ್ಲ,
ಬರೀ ಒಂದು ಸಾಲು:
'ಬಾಗಿಲಿಗೆ ಮುಖ ಮಾಡಿ ನಿಂತಾಗ
ನಿಮ್ಮ ಎಡಗೈ ಕಡೆ ಇರುವ, ಕೆಂಪು ಹಿಡಿಯ ವಾಲ್ವು.'

ಆ ರಾತ್ರಿ ನಾಸಿಕ್ ಫಾಟಾದಲ್ಲಿ
ಗೋಣಿಚೀಲ ಹೊತ್ತ ಒಬ್ಬ ಹುಡುಗ ಕೇಳಿದ,
ಶಿವಾಜಿನಗರದ ಬಸ್ಸು ಎಲ್ಲಿ ನಿಲ್ಲುತ್ತೆ?
'ಎಡಕ್ಕೆ' ಅನ್ನಲು ಬಾಯಿ ತೆರೆದವಳು
ತಡೆದು, ಹೋಗಿ ಅವನ ಪಕ್ಕ ನಿಂತೆ,
ಅವನು ನೋಡುತ್ತಿದ್ದ ಕಡೆಗೇ ಮುಖ ಮಾಡಿ.