ಅಳತೆ

ಮಲೂಟಿ ಬೆಟ್ಟದ ಗಾಳಿ
ಕಂಬಳಿಯೊಳಗೂ ಕೈಹಾಕುವ ಬೆಳಗು.
ಮಾಲೆಶ್ವಾನೆ ಕುಕ್ಕರಗಾಲಲ್ಲಿ ಕೂತು
ಬೇರು ಜಜ್ಜುತ್ತಿದ್ದಳು; ಒಡೆದರೆ ಒಳಗೆ ಹಸಿ ಕೆಂಪು.

ಮಸೇರುವಿನ ಲ್ಯಾಬಿನಿಂದ ಬಂದ ತ್ಸೆಪಿಸೊ
ಕೆಮ್ಮುತ್ತಲೇ ಕೇಳಿದ: "ಕಷಾಯ ಎಷ್ಟು ಕುಡಿಸ್ತೀ, ಅಜ್ಜಿ?"
"ಅಂಗೈಗುಳಿ ತುಂಬ."

ಅವಳ ಅಂಗೈ ಹಿಡಿದು
ಸಿರಿಂಜಿನಿಂದ ನೀರು ಬಿಟ್ಟ, ತುಳುಕುವ ತನಕ.
ಹದಿನೆಂಟು ಮಿಲಿ. ಬರೆದುಕೊಂಡ.
ಕೆಳಗೊಂದು ಗೆರೆಯನ್ನೂ ಎಳೆದ.

ಅಜ್ಜಿಗೆ ನಗು; ಕೈಯ ನೀರೆಲ್ಲ ಚೆಲ್ಲಿತು.
"ನನ್ನದಲ್ಲವೋ, ಕುಡಿಯುವವರ ಅಂಗೈ!"

ಬಾಗಿಲಲ್ಲಿ ಸೊಸೆ, ಬೆನ್ನಿಗೆ ಕಟ್ಟಿದ ಕೂಸು,
ಗೊರಗೊರ ಎದೆ.
ಮುಷ್ಟಿ ಬಿಡಿಸಿದರೆ
ಅಲ್ಲಿ ಹಿಡಿದದ್ದು ನಾಲ್ಕೇ ಹನಿ.

ಪೆನ್ನು ಎತ್ತಿ ಹಿಡಿದೇ ಇದ್ದ ತ್ಸೆಪಿಸೊ.
ಅಜ್ಜಿ ಅಂದಳು:
"ನಿನ್ನದೂ ಚಾಚು."