ಬಾಲದ ಕಡೆಯಿಂದ ಬರುವ ಚಳಿ

ಹತ್ತೊಂಬತ್ತು ವರ್ಷ ಈ ಊರಿಗೆ ತಂಪು ಹಂಚಿದವನು ನಾನು.
ರಾಸ್ ಅಲ್ ಖೈಮಾದ ಮಾಲು, ಮಸೀದಿ, ಮೀನು ಮಾರುಕಟ್ಟೆ,
ಆಸ್ಪತ್ರೆಯಲ್ಲಿ ಹೆಣ ಇಡುವ ಕೋಣೆ,
ಎಲ್ಲದರ ಸೂರಿನೊಳಗೂ ನಾನು ಮಡಿಚಿದ ತಗಡಿನ ಕೊಳವೆ.
ಅಂಥವನನ್ನು ಕರೆದು ಖಲ್ಫಾನ್ ಹೇಳಿದರು:
"ನದಾಫ್, ನನಗೆ ಸ್ವಲ್ಪ ಬಿಸಿ ಬೇಕು."

ನಕ್ಕುಬಿಟ್ಟೆ. ಜನವರಿಯಲ್ಲೂ ಬೆವರುವ ಮಧ್ಯಾಹ್ನ,
ಹ್ಯಾಂಗರಿನ ನೆರಳಲ್ಲಿ ಬೆಕ್ಕು ಉದ್ದಕ್ಕೆ ಬಿದ್ದುಕೊಂಡಿತ್ತು.
ಅವರು ನಗಲಿಲ್ಲ. ಬೂಟು ಕಳಚಿ
ಒಂದರ ಮೇಲೊಂದು ಹಾಕಿದ ಉಣ್ಣೆಯ ಕಾಲುಚೀಲ ತೋರಿಸಿದರು.
"ಜೈಸ್ ಬೆಟ್ಟದ ಮೇಲೆ, ಒಂಬತ್ತು ಸಾವಿರ ಅಡಿಯಲ್ಲಿ,
ಈ ಹೆಬ್ಬೆರಳು ನನ್ನದಲ್ಲ."

ಬಂದರಿನ ಹಡಗುಗಳಿಗೆ ದಾರಿ ತೋರಿಸಿ ನಿವೃತ್ತರಾದವರು
ಆರು ವರ್ಷ ಕೂತು ಕಟ್ಟಿದ ವಿಮಾನ.
ರಿವೆಟ್ಟು ಎಷ್ಟೆಂದು ಕೇಳಿದರೆ ನಿದ್ದೆಗಣ್ಣಲ್ಲೂ ಹೇಳುತ್ತಾರೆ.
ಎರಡೇ ಸೀಟು. ಎರಡನೆಯದರ ಬೆಲ್ಟು ಇನ್ನೂ ಹೊಸದು:
ಒಮ್ಮೆ ಹತ್ತಿ ಇಳಿದ ಹೆಂಡತಿ ಮೌಜಾ
ಒಂದೇ ಮಾತು ಅಂದರಂತೆ,
"ಫ್ರಿಜ್ಜಿಗೆ ರೆಕ್ಕೆ ಹಚ್ಚಿದ್ದೀರಿ."

ಎಂಜಿನ್ನಿನ ಹೊಗೆಕೊಳವೆಗೆ ತಗಡಿನ ಕವಚ,
ಅದರೊಳಗೆ ಹಾದ ಗಾಳಿ ಬಿಸಿಯಾಗಿ ಪಾದಕ್ಕೆ ಬರಬೇಕು.
ಬರುತ್ತಿತ್ತು, ಕರು ಮೂಸಿದಷ್ಟು.
ಕೊಳವೆಗೆ ಸ್ಟೀಲ್ ಸ್ಪ್ರಿಂಗು ಸುತ್ತಿದೆ,
ಗಾಳಿ ಓಡದೆ ಸ್ವಲ್ಪ ಎಡವಲಿ ಎಂದು.
ಶುಕ್ರವಾರ ಹಾರಿ ಬಂದರು:
"ಮೊಣಕಾಲು ಬೆಂದಿದೆ. ಬೆನ್ನು ಹೆಪ್ಪುಗಟ್ಟಿದೆ."

ಕುಷ್ಟಗಿಯಲ್ಲಿ ಅಪ್ಪ ಹತ್ತಿ ಹಿಂಜುತ್ತಿದ್ದ.
ಗಾದಿಗೆ ಇನ್ನೊಂದು ಸೇರು ತುಂಬು ಎಂದವರನ್ನು ಕೇಳುತ್ತಿದ್ದ,
"ಹತ್ತಿ ಇರ್ಲಿ. ನಿಮ್ ಮನ್ಯಾಗ ಥಂಡಿ
ಯಾವ ಕಡಿಂದ ಬರತೈತಿ, ಅದನ್ ಹೇಳು ಮೊದ್ಲ."
ವ್ಯಾಪಾರ ಗೊತ್ತಿರದ ಮನುಷ್ಯ.
ಎಷ್ಟೋ ಜನ ಕಿಟಕಿಗೆ ಗೋಣಿತಟ್ಟು ಬಡಿದು
ಗಾದಿ ಬೇಡವೆಂದು ಹೋದರು.

ಮುಂದಿನ ವಾರ ಎರಡನೆಯ ಸೀಟಿನಲ್ಲಿ ನಾನೇ ಕೂತೆ,
ಸಂದುಸಂದಿಗೂ ಅರಳೆಯ ಎಳೆ ಅಂಟಿಸಿ,
ಕಲಿಮಾ ಹೇಳಿಕೊಂಡು.
ಕೆಳಗೆ ಹಿನ್ನೀರಿನ ಕಾಂಡ್ಲಾ ಗಿಡಗಳ ಹಸಿರು, ಆಮೇಲೆ
ಚರ್ಮ ಸುಲಿದಂಥ ಕಂದು ಬೆಟ್ಟ.
ಯಾವುದನ್ನೂ ನೆಟ್ಟಗೆ ನೋಡಲಿಲ್ಲ, ಎಳೆ ನೋಡುತ್ತಿದ್ದೆ.
ಮುಂದಕ್ಕೆ ಹೋಗುವ ವಿಮಾನದಲ್ಲಿ ಗಾಳಿ ಹಿಂದಕ್ಕೆ ಬೀಸಬೇಕಲ್ಲ?
ಬೆನ್ನ ಹಿಂದಿನ ಎಳೆಗಳೆಲ್ಲ ಮುಂದಕ್ಕೆ ವಾಲಿದ್ದವು,
ಬಾಲದೊಳಗೆ ಯಾರೋ ಕೂತು ಊದುತ್ತಿರುವ ಹಾಗೆ.

ಸೀಟಿನ ಹಿಂದೆ ಕ್ಯಾನ್ವಾಸಿನ ಪರದೆ ಹೊಲಿದೆ,
ಸರಳು ಹಾಯುವ ತೂತಿಗೆ ಚರ್ಮದ ತೋಳು,
ಮುಚ್ಚಳದ ಅಂಚಿಗೆ ಹಳೇ ಕಾರಿನ ಬಾಗಿಲ ರಬ್ಬರು,
ಚೌಕಾಸಿ ಮಾಡಿ ಹನ್ನೆರಡು ದಿರ್ಹಂ.
ಒಳಗಿನ ಗಾಳಿ ಹೋಗಲು ಒಂದು ಕಿಂಡಿ ಮಾತ್ರ ಬಿಟ್ಟೆ;
ಹೋಗುವುದಕ್ಕೆ ದಾರಿಯಿಲ್ಲದ ಕಡೆ
ಬಿಸಿಯೂ ಬರುವುದಿಲ್ಲ.

ಕೊನೆಗೊಮ್ಮೆ ಕವಚ ಬಿಚ್ಚಿ ಒರೆಸುವಾಗ ಕಂಡಿತು:
ಬೆಸುಗೆಯ ಪಕ್ಕ ಕೂದಲಿನಂಥ ಬಿರುಕು,
ಸುತ್ತ ಬೂದಿಯ ಕಲೆ.
ಬಿಸಿಯ ಜೊತೆ ಎಂಜಿನ್ನಿನ ಉಸಿರೂ ಒಳಗೆ ಬರುತ್ತಿತ್ತು,
ಬಣ್ಣವಿಲ್ಲದ್ದು, ವಾಸನೆಯಿಲ್ಲದ್ದು.
ಟಾರ್ಚು ಹಿಡಿದು ತೋರಿಸಿದೆ.
ಖಲ್ಫಾನ್ ಬಹಳ ಹೊತ್ತು ಬಗ್ಗಿಯೇ ಇದ್ದರು.
"ಮೇಲೆ ಹೋದಾಗ ತೂಕಡಿಕೆ ಬರುತ್ತಿತ್ತು," ಅಂದರು,
"ವಯಸ್ಸಾಯಿತು ಅಂದುಕೊಂಡಿದ್ದೆ."

ಹೊಸ ಕೊಳವೆ ಬರಲು ಐದು ವಾರ.
ವಿಷದ ಗಾಳಿಗೆ ಕಿರುಚುವ ಪುಟ್ಟ ಯಂತ್ರವನ್ನು
ಅವರ ಕಣ್ಣೆದುರಿಗೇ ಸ್ಕ್ರೂ ಹಾಕಿ ಕೂರಿಸಿದೆ.

ಮೌಜಾ ಎರಡನೇ ಸಲ ಹತ್ತಿದ ದಿನ ನಾನಿರಲಿಲ್ಲ,
ಶಾಲೆಯೊಂದರ ಸೂರಿನೊಳಗೆ ತಂಪು ಸೋರುವ ಸಂದು ಹುಡುಕುತ್ತಿದ್ದೆ.
ಫೋನು ಬಂತು.
"ಏನಂದರು?"
"ಸೆಖೆ ಅಂತಾಳೆ. ಕಿಟಕಿ ಯಾಕಿಲ್ಲ ಅಂತಾಳೆ."
ಎಡಗಡೆಯ ಕೆಂಪು ಗುಂಡಿ, ಅರ್ಧ ಒಳಗೆ ತಳ್ಳಿ, ಅಂದೆ.
ಬಾಯಲ್ಲಿ ಟಾರ್ಚಿತ್ತು, ಅವರಿಗೆ ಕೇಳಿಸಿತೋ ಇಲ್ಲವೋ.